ಕೂದಲ ಕೆಮ್ಮು

ಆ ಕೋಣೆಯಲ್ಲಿ ಕೆಮ್ಮದವರು ಅಂತ ಯಾರೂ ಇರಲಿಲ್ಲ. ಹೊಸದಾಗಿ ಸೇರಿದವಳು ವಾರವಾದರೂ ಕೆಮ್ಮದಿದ್ದರೆ ‘ಏನಮ್ಮಾ, ಕೆಲಸ ಮಾಡ್ತಿದ್ದೀಯೋ, ಸುಮ್ನೆ ಕೂತೆದ್ದು ಹೋಗ್ತಿದ್ದೀಯೋ?’ ಅಂತ ಉಳಿದವರು ಕಾಲೆಳೆಯುತ್ತಿದ್ದರು. ವಿಗ್ಗು ಮಾಡುವ ಕೆಲಸವೇ ಹಾಗೆ. ಮೂಟೆಯಲ್ಲಿ ಬಂದ ಕೂದಲನ್ನು ತೊಳೆದು, ಒಣಗಿಸಿ, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದೆಳೆದು ಬಾಚಬೇಕು. ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಬರುವಂತೆ ಜೋಡಿಸಬೇಕು. ಉದ್ದ ನೋಡಿ ಬೇರೆ ಬೇರೆ ಮಾಡಬೇಕು. ಆಮೇಲೆ ಮರದ ತಲೆಗೆ ತೊಡಿಸಿದ ಬಲೆಗೆ ಎರಡೆರಡೇ ಎಳೆ ತೆಗೆದು ಕೊಕ್ಕೆಸೂಜಿಯಿಂದ ಗಂಟು ಹಾಕುತ್ತಾ ಹೋಗಬೇಕು. ಒಂದು ವಿಗ್ಗಿಗೆ ಎಷ್ಟು ಗಂಟು ಅಂತ ಎಣಿಸಲು ಕೂತವಳಿಗೆ ಹುಚ್ಚು ಹಿಡಿದೀತು. ಇಷ್ಟೆಲ್ಲ ಮಾಡುವಾಗ ಪುಡಿಗೂದಲು ಮೂಗಿಗೆ, ಗಂಟಲಿಗೆ ಹೋಗದೆ ಇರುತ್ತದೆಯೇ?

ಅದಕ್ಕೇ ಅಲ್ಲಿ ಎರಡು ಕಟ್ಟಳೆ. ಒಂದು, ಕಿಟಕಿ ತೆರೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ಒಂದು ಸಲ ಗಾಳಿ ಬೀಸಿದರೆ ನಾಲ್ಕು ದಿನದ ಜೋಡಣೆ ನಾಲ್ಕು ದಿಕ್ಕಿಗೆ. ಕಿಟಕಿಯ ಸಂದಿಗಳಿಗೂ ಕಾಗದ ಅಂಟಿಸಿಬಿಟ್ಟಿದ್ದರು. ಎರಡು, ಯಾರಾದರೂ ಬಿಡದೆ ಕೆಮ್ಮಿದರೆ ಅವಳಿಗೆ ತಕ್ಷಣ ಒಂದು ಕಳಿತ ಬಾಳೆಹಣ್ಣು. ಗಂಟಲಲ್ಲಿ ಸಿಕ್ಕಿಕೊಂಡ ಕೂದಲನ್ನು ಹಣ್ಣು ಕೆಳಗೆ ತಳ್ಳಿಬಿಡುತ್ತೆ ಅನ್ನುವುದು ಆ ಕೋಣೆಯ ವೈದ್ಯ. ಅದಕ್ಕೆ ‘ಕೂದಲ ಕೆಮ್ಮು’ ಅಂತ ಹೆಸರೂ ಇಟ್ಟಿದ್ದರು. ಹೆಸರಿಟ್ಟು ಮನೆಯವಳ ಥರ ಮಾಡಿಕೊಂಡ ಮೇಲೆ ಯಾರು ತಾನೇ ಅದಕ್ಕೆ ಹೆದರುತ್ತಾರೆ?

ಗಂಟಕ್ಕ ಎರಡು ತಿಂಗಳಿಂದ ಬಾಳೆಹಣ್ಣು ತಿನ್ನುತ್ತಿದ್ದಳು.

ಇಪ್ಪತ್ತಾರು ವರ್ಷದಿಂದ ಅಲ್ಲಿ ಗಂಟು ಹಾಕುತ್ತಿದ್ದವಳು ಅವಳು. ನಿಜವಾದ ಹೆಸರು ಹಾಜರಿ ಕರೆಯುವಾಗ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಕೈ ಬಂಗಾರ, ಬಾಯಿ ಮೆಣಸಿನಕಾಯಿ. ಅವಳು ಹಾಕಿದ ಗಂಟು ಕನ್ನಡಕ ಹಾಕಿಕೊಂಡು ಹುಡುಕಿದರೂ ಕಾಣುತ್ತಿರಲಿಲ್ಲ, ಬೈದ ಬೈಗುಳ ಮಾತ್ರ ಮೂರು ದಿನ ಕಿವಿಯಲ್ಲಿರುತ್ತಿತ್ತು. ಆದರೆ ಅದೇ ಬಾಯಿ ಪಕ್ಕದ ಸ್ಟೂಲಿನವಳ ಕಡೆ ತಿರುಗಿದರೆ ಸಾಕು, ಬೆಣ್ಣೆ. ಆ ಪಕ್ಕದವಳು ಗಂಟಕ್ಕನ ತೀರಿಹೋದ ಅಣ್ಣನ ಮಗಳು. ನಾಲ್ಕು ವರ್ಷಕ್ಕೇ ತಬ್ಬಲಿಯಾದ ಅವಳನ್ನು ಗಂಟಕ್ಕ ಎತ್ತಿ ಆಡಿಸಿ, ಓದಿಸಿ, ಕೆಲಸ ಕಲಿಸಿ, ಮದುವೆ ಮಾಡಿಕೊಟ್ಟಿದ್ದಳು. ಚಿಕ್ಕಂದಿನಲ್ಲಿ ಬಾಯಿ ಮುಚ್ಚದೆ ಮಾತಾಡುತ್ತಿದ್ದಳೆಂದು ಗಿಣಿ ಅಂತ ಕರೆದದ್ದು ಹಾಗೇ ನಿಂತುಹೋಗಿತ್ತು. ಗಂಟಕ್ಕನಿಗೆ ಬೇರೆ ಸಂಸಾರವಿಲ್ಲ. ಬಂಧು ಅಂದರೂ ಬಳಗ ಅಂದರೂ ಗಿಣಿಯೇ.

ಈಗ ಗಿಣಿಗೂ ಒಂದು ಹೆಣ್ಣುಮಗು, ಹನ್ನೊಂದು ತಿಂಗಳು. ಇಷ್ಟು ಕೂದಲಿನ ನಡುವೆ ಬೆಳೆಯುತ್ತಿದ್ದರೂ ತಲೆಯಲ್ಲಿ ಹೆಸರಿಗೂ ಕೂದಲಿಲ್ಲ. ಅದಕ್ಕೇ ಎಲ್ಲರೂ ಗುಂಡಮ್ಮ ಅನ್ನುತ್ತಿದ್ದರು. ‘ಇವಳಿಗೊಂದು ವಿಗ್ಗು ನಾವೇ ಕಟ್ಟಿಕೊಡ್ಬೇಕೇನೋ’ ಅಂತ ನಗುತ್ತಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ ಗಿಣಿ ಮಗುವನ್ನು ಜೊತೆಗೇ ತರುತ್ತಿದ್ದಳು. ಗಂಟಕ್ಕನ ಸ್ಟೂಲಿಗೂ ಅವಳ ಸ್ಟೂಲಿಗೂ ನಡುವೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಅದರಲ್ಲೊಂದು ಹಳೆ ಕಂಬಳಿ. ಗುಂಡಮ್ಮನ ನಿದ್ದೆ, ಆಟ, ರಂಪ ಎಲ್ಲ ಅದರೊಳಗೆ.

ಒಂದು ಮಧ್ಯಾಹ್ನ ಗಂಟಕ್ಕ ಕೆಮ್ಮಿ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ನೋಡಿದರೆ, ಕೆಂಪು. ಒಂದೇ ಒಂದು ಎಳೆಯಷ್ಟು. ಸಂಜೆಯಾದರೆ ಮೈ ಬಿಸಿಯಾಗುವುದು, ರವಿಕೆ ಸಡಿಲವಾಗುತ್ತಿರುವುದು, ಊಟ ಸೇರದಿರುವುದು, ಅಲ್ಲಿಯವರೆಗೆ ಬಿಡಿಬಿಡಿಯಾಗಿದ್ದದ್ದೆಲ್ಲ ಒಟ್ಟಿಗೆ ಬಂದು ಕಣ್ಣೆದುರು ನಿಂತವು. ಅವಳ ಅಣ್ಣನಿಗೂ ಹೀಗೇ ಶುರುವಾಗಿತ್ತು. ಅಣ್ಣ ಹೋದದ್ದು ಕ್ಷಯದಿಂದ. ಗಾಳಿ ತಾಗಬಾರದೆಂದು ಅವನನ್ನು ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗಿಸಿದ್ದರು. ತಟ್ಟೆ ಬೇರೆ, ಲೋಟ ಬೇರೆ. ಎರಡು ತಿಂಗಳು ಮಾತ್ರೆ ನುಂಗಿ, ಮೈ ಹಗುರಾಯಿತಲ್ಲ ಅಂತ ಅವನೇ ಬಿಟ್ಟುಬಿಟ್ಟಿದ್ದ. ಅವನು ಹೋದ ಮೇಲೂ ಬೀದಿಯವರು ಆ ಮನೆ ಮುಂದೆ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದರು. ಪುಟ್ಟ ಗಿಣಿಯ ಜೊತೆ ಆಡಲು ಒಂದು ಮಗುವನ್ನೂ ಕಳಿಸುತ್ತಿರಲಿಲ್ಲ. ಅದು ಇವತ್ತಿಗೂ ಗಂಟಕ್ಕನ ಹೊಟ್ಟೆಯಲ್ಲಿ ಕೆಂಡ.

ಹಾಗಾಗಿ ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಗೊತ್ತಾದರೆ ಗಿಣಿಯ ಮಗುವಿಗೂ ಅದೇ ಗತಿ ಅಂತ ಹೆದರಿದಳು. ಆಸ್ಪತ್ರೆಗೆ ಹೋದರೆ ನಾಲ್ಕು ಜನ ನೋಡುತ್ತಾರೆ. ಬದಲಿಗೆ ತನಗೆ ತಿಳಿದ ಪಥ್ಯ ಶುರು ಮಾಡಿದಳು. ಕೋಣೆಯಲ್ಲಿ ತನ್ನ ಲೋಟಕ್ಕೆ ಕೆಂಪು ದಾರ ಕಟ್ಟಿ ಗುರುತು ಮಾಡಿದಳು. ತಟ್ಟೆಯನ್ನು ದಿನವೂ ಕುದಿಯುವ ನೀರಲ್ಲಿ ಅದ್ದಿದಳು. ಎಲ್ಲಕ್ಕಿಂತ ದೊಡ್ಡದು, ಮಗುವನ್ನು ಮುಟ್ಟುವುದು ಬಿಟ್ಟಳು. ಗುಂಡಮ್ಮ ಪೆಟ್ಟಿಗೆಯ ಅಂಚು ಹಿಡಿದು ಎದ್ದು ನಿಂತು, ಎರಡೂ ಕೈ ಚಾಚಿ ‘ತ್ತೆ, ತ್ತೆ’ ಅಂದರೆ ಗಂಟಕ್ಕ ಮರದ ತಲೆಯ ಕಡೆ ಮುಖ ತಿರುಗಿಸಿ ಗಂಟು ಹಾಕುತ್ತಿದ್ದಳು. ಆ ಗಂಟುಗಳು ಎಷ್ಟು ಸಲ ತಪ್ಪಿದವೋ ಅವಳಿಗೇ ಗೊತ್ತು.

ಗಿಣಿ ನಾಲ್ಕು ದಿನ ನೋಡಿದಳು. ಐದನೆಯ ದಿನ ಕೇಳಿಯೇಬಿಟ್ಟಳು.

“ಅತ್ತೆ, ನನ್ನ ಮಗು ನಿಂಗೇನು ಮಾಡಿದೆ?”

“ಏನೂ ಇಲ್ವೇ. ಕೈಯೆಲ್ಲ ಎಣ್ಣೆ.”

“ಮೊದ್ಲೂ ಎಣ್ಣೆ ಇರ್ತಿತ್ತಲ್ಲ? ಆಗ ಎತ್ಕೊಂಡು ಮುದ್ದಾಡ್ತಿರ್ಲಿಲ್ವಾ?”

“ನಂಗೂ ವಯಸ್ಸಾಯ್ತಮ್ಮ. ಸೊಂಟ ನೋವು.”

ಗಿಣಿ ಮತ್ತೆ ಮಾತಾಡಲಿಲ್ಲ. ಬಾಯಿ ಮುಚ್ಚದವಳು ಬಾಯಿ ಮುಚ್ಚಿದರೆ ಅದರ ಭಾರ ಬೇರೆ. ಪಕ್ಕಪಕ್ಕದಲ್ಲಿ ಕೂತು ಇಬ್ಬರೂ ಸಂಜೆಯವರೆಗೆ ಗಂಟು ಹಾಕಿದರು. ಮಗು ನಡುವೆ ಮಲಗಿ ಅವರಿಬ್ಬರ ಉಸಿರನ್ನೂ ಕುಡಿಯುತ್ತಿತ್ತು.

ಎರಡನೆಯ ಸಲ ಕೆಂಪು ಕಂಡಾಗ, ಆದದ್ದಾಗಲಿ ಅಂತ ಗಂಟಕ್ಕ ಅರ್ಧ ದಿನ ರಜೆ ಹಾಕಿ, ಪರಿಚಯದವರು ಸಿಗದ ದೂರದ ಆಸ್ಪತ್ರೆಗೆ ಬಸ್ಸು ಹತ್ತಿದಳು. ಅಲ್ಲಿ ಕಫ ಪರೀಕ್ಷೆಗೆ ಕೊಟ್ಟಳು, ಎದೆಯ ಎಕ್ಸ್‌ರೇ ತೆಗೆಸಿದಳು. ಮೂರನೆಯ ದಿನ ಮತ್ತೆ ಹೋದಾಗ ಕ್ಷಯದ ವಿಭಾಗದ ನರ್ಸಮ್ಮ ಅವಳನ್ನು ಹೊರಗಿನ ಜಗಲಿಯ ಬೆಂಚಿನ ಮೇಲೆ ಕೂರಿಸಿಕೊಂಡು, ಸುತ್ತಿಬಳಸದೆ ಹೇಳಿದಳು. ಟಿ.ಬಿ. ಇದೆ. ವಾಸಿಯಾಗುತ್ತೆ. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ. ಮೈ ಹಗುರಾಯಿತು ಅಂತ ನಡುವೆ ಬಿಟ್ಟರೆ ಕಾಯಿಲೆ ಗಟ್ಟಿಯಾಗಿ ತಿರುಗಿಬೀಳುತ್ತೆ.

“ಮನೇಲಿ ಯಾರ್ಯಾರು ಇದ್ದಾರಮ್ಮ?”

“ನಾನೊಬ್ಳೇ. ಕೆಲಸದ ಕಡೆ ಏಳು ಜನ, ಒಂದು ಮಗು.” ಗಂಟಕ್ಕ ಸ್ವಲ್ಪ ಹೆಮ್ಮೆಯಿಂದಲೇ ಮುಂದುವರಿಸಿದಳು. “ಆದ್ರೆ ನಾನು ಬಲು ಜೋಪಾನ ಸಿಸ್ಟರ್. ಲೋಟ ಬೇರೆ ಇಟ್ಟಿದ್ದೀನಿ. ತಟ್ಟೆ ಕುದಿಸ್ತೀನಿ. ಮಗೂನಂತೂ ಬೆರಳಲ್ಲೂ ಮುಟ್ಟಿಲ್ಲ, ಒಂಬತ್ತು ದಿನ ಆಯ್ತು.”

ನರ್ಸಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. “ಕೋಣೇಲಿ ಕಿಟಕಿ ಎಷ್ಟಿದೆ?”

“ಮೂರಿವೆ. ಮೂರೂ ಮುಚ್ಚಿರುತ್ತೆ. ಇಲ್ಲದಿದ್ರೆ ಕೂದಲು ಹಾರುತ್ತಲ್ಲ.”

“ಮಗು ಎಲ್ಲಿ ಮಲಗುತ್ತೆ?”

“ನನ್ನ ಪಕ್ಕ.”

ನರ್ಸಮ್ಮ ಪೆನ್ನು ಮುಚ್ಚಿಟ್ಟಳು. ಬೈಯಲಿಲ್ಲ, ಗದರಿಸಲಿಲ್ಲ. ಅಷ್ಟು ಮೆತ್ತಗೆ ಹೇಳಿದ್ದರಿಂದಲೇ ಗಂಟಕ್ಕನಿಗೆ ಹೆಚ್ಚು ನಾಟಿತು.

“ಅಮ್ಮ, ಇದು ತಟ್ಟೆಯಿಂದ ಬರಲ್ಲ. ಲೋಟದಿಂದ ಬರಲ್ಲ. ಮುಟ್ಟಿದ್ರೆ ಬರಲ್ಲ. ಕೆಮ್ಮಿದಾಗ, ಮಾತಾಡಿದಾಗ ಹೊರಗೆ ಬರೋ ಉಸಿರಿಂದ ಬರುತ್ತೆ. ಕಿಟಕಿ ತೆರೆದಿದ್ರೆ ಗಾಳಿ ಹೊತ್ಕೊಂಡು ಹೋಗ್ತಿತ್ತು. ಮುಚ್ಚಿದ್ರೆ ಅಲ್ಲೇ ಸುತ್ತುತ್ತಾ ಇರುತ್ತೆ. ನೀವು ಎತ್ಕೊಂಡ್ರೂ ಬಿಟ್ರೂ ಮಗು ದಿನವಿಡೀ ಅದೇ ಗಾಳಿ ಉಸಿರಾಡಿದೆ.”

ಅಯ್ಯೋ, ಯಾವುದನ್ನು ಮಾಡಬೇಕಿತ್ತೋ ಅದನ್ನು ಬಿಟ್ಟು, ಎಲ್ಲ ಉಲ್ಟಾ ಮಾಡಿದೆನಲ್ಲ! ಚಾಚಿದ ಆ ಎರಡು ಪುಟ್ಟ ಕೈಗಳನ್ನು ಒಂಬತ್ತು ದಿನ ನಿರಾಕರಿಸಿದ್ದು ಬರೀ ದಂಡ. ಗಂಟಕ್ಕ ಕೈಯಲ್ಲಿದ್ದ ಚೀಟಿಯಿಂದ ಮುಖ ಮುಚ್ಚಿಕೊಂಡು ಅತ್ತಳು. ನರ್ಸಮ್ಮ ಅಳಲು ಬಿಟ್ಟಳು.

“ಹೆದರ್ಬೇಡಿ. ಹತ್ತಿರ ಇದ್ದವರಿಗೆಲ್ಲ ಅಂಟೇ ಅಂಟುತ್ತೆ ಅಂತೇನಿಲ್ಲ,” ಅಂದಳು. “ಆದ್ರೆ ಎಲ್ಲರನ್ನೂ ಪರೀಕ್ಷೆ ಮಾಡಿಸ್ಬೇಕು, ಮೊದಲು ಮಗೂನ. ಚಿಕ್ಕ ಮಕ್ಕಳಿಗೆ ಇದು ಬೇಗ ಜೋರಾಗುತ್ತೆ. ನಾಳೆಯಿಂದ ನೀವು ಕೆಲಸಕ್ಕೆ ಹೋಗ್ಬೇಡಿ, ಡಾಕ್ಟ್ರು ಹೇಳೋವರೆಗೂ. ಈ ಮಾಸ್ಕ್ ತೆಗೀಬೇಡಿ. ಅವರಿಗೆ ನೀವೇ ಹೇಳ್ತೀರೋ, ನಾನು ಬಂದು ಹೇಳ್ಲೋ?”

“ನಾನೇ ಹೇಳ್ತೀನಿ,” ಅಂದಳು ಗಂಟಕ್ಕ.

ಹೇಳುತ್ತೀನಿ ಅಂದದ್ದೇನೋ ಸರಿ. ಬಸ್ಸಿನಲ್ಲಿ ಕೂತ ಮೇಲೆ ಧೈರ್ಯ ಒಂದೊಂದೇ ಸ್ಟಾಪಿನಲ್ಲಿ ಇಳಿದುಹೋಯಿತು. ಮೂಗು ಮುಚ್ಚಿಕೊಂಡು ನಡೆಯುವ ಬೀದಿ ಕಣ್ಣಿಗೆ ಬಂತು. ಗುಂಡಮ್ಮನ ಜೊತೆ ಆಡಲು ಬಾರದ ಮಕ್ಕಳು ಕಣ್ಣಿಗೆ ಬಂದರು. ಮನೆ ಸೇರುವ ಹೊತ್ತಿಗೆ ಹಾವೂ ಸಾಯದ, ಕೋಲೂ ಮುರಿಯದ ಒಂದು ಉಪಾಯ ಹೊಳೆದಿತ್ತು. ಬೆಳಿಗ್ಗೆ ಹೋಗಿ ಕಿಟಕಿ ತೆರೆದುಬಿಡುವುದು. ನೆಂಟರ ಮನೆಗೆ ಹೋಗುತ್ತೇನೆಂದು ಹೇಳಿ ಹೊರಟುಬಿಡುವುದು. ಗಿಣಿಯನ್ನು ಹೊರಗೆ ಕರೆದು, ಮಗುವಿಗೆ ತೂಕ ಕಡಿಮೆಯಾಗಿದೆ, ಆ ಆಸ್ಪತ್ರೆಗೇ ತೋರಿಸು ಅನ್ನುವುದು. ಎಂಥ ಬುದ್ಧಿವಂತಿಕೆ ನೋಡಿ!

ಮರುದಿನ ಬೆಳಿಗ್ಗೆ ಅವಳು ಮಾಸ್ಕ್ ಹಾಕಿಕೊಂಡು ಬಂದದ್ದನ್ನು ನೋಡಿ, ಮೊಳೆಹಲಗೆಯಲ್ಲಿ ಬಾಚುತ್ತಿದ್ದವಳು “ಏನಕ್ಕ, ಬಾಳೆಹಣ್ಣು ಬಿಟ್ಟು ಬಾಯಿಗೆ ಬೀಗ ಹಾಕ್ಕೊಂಡ್ಯಾ? ನಮ್ಮ ಪುಣ್ಯ,” ಅಂದಳು. ಎಲ್ಲರೂ ನಕ್ಕರು. ಗಂಟಕ್ಕ ನಗಲಿಲ್ಲ, ತಿರುಗಿ ಬೈಯಲೂ ಇಲ್ಲ. ಒಳಗೆ ಕೂರದೆ ನೇರ ಮಗುವಿನ ಪೆಟ್ಟಿಗೆಯ ಹಿಂದಿದ್ದ ಕಿಟಕಿಯ ಬಳಿ ಹೋಗಿ, ಅಂಟಿಸಿದ ಕಾಗದವನ್ನು ಪರಪರ ಕಿತ್ತು, ಎರಡೂ ಬಾಗಿಲನ್ನು ಹೊರಗೆ ತಳ್ಳಿದಳು.

ಗಾಳಿ ಕಾಯುತ್ತಿತ್ತೋ ಏನೋ. ಮೇಜಿನ ಮೇಲೆ ಉದ್ದ ನೋಡಿ ಜೋಡಿಸಿಟ್ಟಿದ್ದ ನರೆಗೂದಲು, ಸಿಗುವುದೇ ಅಪರೂಪವಾದ ನರೆಗೂದಲು, ಒಟ್ಟಿಗೆ ಎದ್ದು ಕರಿಗೂದಲ ರಾಶಿಯ ಮೇಲೆ ಬಿತ್ತು. ಉಳಿದದ್ದು ಹೆಂಗಸರ ತಲೆ, ಭುಜ, ಚಹಾದ ಲೋಟ ಅಂತ ನೋಡದೆ ಕೂತಿತು. ಏಳೂ ಬಾಯಿ ಒಟ್ಟಿಗೆ ಕಿರುಚಿದವು. ಒಳಕೋಣೆಯಿಂದ ದೊಡ್ಡಮ್ಮ ಓಡಿಬಂದಳು. ಈ ಕಾರ್ಖಾನೆ ಕಟ್ಟಿದ ಯಜಮಾನಿ ಅವಳೇ, ಎಪ್ಪತ್ತು ದಾಟಿದವಳು.

“ನಿಂಗೇನಾದ್ರೂ ತಲೆ ಕೆಟ್ಟಿದೆಯೇನೇ? ಮುಚ್ಚೇ ಅದನ್ನ!”

“ಮುಚ್ಚಬೇಡಿ ದೊಡ್ಡಮ್ಮ,” ಅಂದಳು ಗಂಟಕ್ಕ, ಕಿಟಕಿಗೆ ಬೆನ್ನು ಕೊಟ್ಟು ನಿಂತು.

ಗಿಣಿ ತಲೆಯಿಂದ ಕೂದಲು ಕೊಡವಿಕೊಂಡು ಎದ್ದಳು. ಎಷ್ಟೋ ದಿನದಿಂದ ಒಳಗಿದ್ದದ್ದು ಹೊರಗೆ ಬಂತು. “ನನ್ನ ಮಗು ಕಂಡ್ರೆ ಆಗಲ್ಲ. ಈಗ ನಾಲ್ಕು ದಿನ ಕಣ್ಣು ಕಳ್ಕೊಂಡು ಮಾಡಿದ ಕೆಲಸ ಕಂಡ್ರೂ ಆಗಲ್ವಾ? ನಿಂಗೆ ನಾವು ಬೇಡ ಅಂತಿದ್ರೆ ಬಾಯಿಬಿಟ್ಟು ಹೇಳ್ಬಿಡು ಅತ್ತೆ.”

ಆ ಮಾತು ಬೀಳುತ್ತಲೇ ಗಂಟಕ್ಕನ ಉಪಾಯವೆಲ್ಲ ನೀರಾಯಿತು. ನೆಂಟರ ಮನೆ, ಕಡಿಮೆಯಾದ ತೂಕ ಯಾವುದೂ ನಾಲಿಗೆಗೆ ಬರಲಿಲ್ಲ.

“ಇದು ಕೂದಲ ಕೆಮ್ಮಲ್ಲ,” ಅಂದಳು. “ನಂಗೆ ಟಿ.ಬಿ. ಇದೆ. ನಿನ್ನೆ ಆಸ್ಪತ್ರೇಲಿ ಹೇಳಿದ್ರು. ಗಾಳಿಯಿಂದ ಬರುತ್ತಂತೆ. ನೀವೆಲ್ಲ ಪರೀಕ್ಷೆ ಮಾಡಿಸ್ಕೋಬೇಕು. ಮೊದಲು ಗುಂಡಮ್ಮಂಗೆ.”

ಬಾಚುತ್ತಿದ್ದವಳು ಎರಡು ಹೆಜ್ಜೆ ಹಿಂದೆ ಸರಿದಳು. ಗಂಟಕ್ಕ ಅದನ್ನು ನೋಡಿದಳು. ಆದರೆ ಅವಳ ಕಣ್ಣಿದ್ದದ್ದು ಗಿಣಿಯ ಮುಖದ ಮೇಲೆ.

“ಮುಟ್ಟದೇ ಇದ್ದದ್ದು ಅದಕ್ಕೇನಾ?” ಗಿಣಿ ಕೇಳಿದಳು.

“ಹೂಂ.”

“ಅಂದ್ರೆ ನಿನ್ನೆ ಗೊತ್ತಾಗಿದ್ದಲ್ಲ. ನಿಂಗೆ ಅವತ್ತಿಂದ್ಲೇ ಅನುಮಾನ ಇತ್ತು.”

ಗಂಟಕ್ಕ ತಲೆ ತಗ್ಗಿಸಿದಳು.

“ನಮ್ಮಪ್ಪ ಇದರಿಂದ್ಲೇ ಹೋಗಿದ್ದು. ನಿಂಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿತ್ತು? ಹತ್ತು ದಿನ! ಹತ್ತು ದಿನ ನನ್ನ ಮಗು ನಿನ್ನ ಪಕ್ಕ ಮಲಗಿತ್ತು, ನೀನು ಬಾಯಿಬಿಡ್ಲಿಲ್ಲ.” ಗಿಣಿ ಬಾಗಿ ಮಗುವನ್ನು ಕಂಬಳಿಯ ಸಮೇತ ಎತ್ತಿಕೊಂಡಳು. ಚೀಲ ಮರೆತಳು, ಚಪ್ಪಲಿ ಮರೆತಳು. ಮೆಟ್ಟಿಲಿಳಿದು ಹೋದವಳು ತಿರುಗಿ ನೋಡಲಿಲ್ಲ.

ದೊಡ್ಡಮ್ಮ ಸ್ವಲ್ಪ ಹೊತ್ತು ಹಾರಾಡುವ ನರೆಗೂದಲನ್ನೇ ನೋಡುತ್ತಿದ್ದಳು. ಆಮೇಲೆ ಉಳಿದೆರಡು ಕಿಟಕಿಗಳ ಬಳಿ ಹೋಗಿ ಕಾಗದ ಕಿತ್ತಳು. “ಏನು ನೋಡ್ತಿದ್ದೀರ? ಕೂದಲು ಮತ್ತೆ ಜೋಡಿಸಬಹುದು,” ಅಂತ ಎಲ್ಲರಿಗೂ ಗದರಿದಳು. “ಮಧ್ಯಾಹ್ನ ಎಲ್ಲರೂ ಆಸ್ಪತ್ರೆಗೆ ನಡೀರಿ, ನಾನೂ ಬರ್ತೀನಿ. ನಿಮ್ಮಲ್ಲಿ ಯಾರಾದ್ರೂ ಬೀದೀಲಿ ಇವಳ ಬಗ್ಗೆ ಬಾಯಿಗೆ ಬಂದಹಾಗೆ ಮಾತಾಡಿದ್ದು ಕಿವಿಗೆ ಬಿತ್ತೋ, ಅವತ್ತೇ ಕೆಲಸದಿಂದ ತೆಗೀತೀನಿ.” ಗಂಟಕ್ಕನಿಗೆ ಮಾತ್ರ ದನಿ ತಗ್ಗಿಸಿ, “ನಿನ್ನ ಜಾಗ ನಿಂದೇ. ವಾಸಿ ಮಾಡ್ಕೊಂಡು ಬಾ,” ಅಂದಳು.

ಗಂಟಕ್ಕನ ಮನೆ ಅಂದರೆ ಓಣಿಯ ಕೊನೆಯಲ್ಲಿ ಒಂದೇ ಕೋಣೆ, ಮುಂದೆ ಒಂದು ಮೆಟ್ಟಿಲು. ಅಲ್ಲಿ ಕಿಟಕಿ ತೆರೆದಿಟ್ಟುಕೊಂಡು ಅವಳು ದಿನ ತಳ್ಳಿದಳು. ಬೆಳಿಗ್ಗೆ ಎದ್ದು ಮಾತ್ರೆ ನುಂಗುವುದು, ನುಂಗಿದ ಮೇಲೆ ಹೊಟ್ಟೆ ತೊಳಸುವುದು. ಮೂತ್ರ ಕೆಂಪಗಾದಾಗ ಜೀವವೇ ಹೋದಂತಾಗಿ, ಅದು ಮಾತ್ರೆಯ ಬಣ್ಣ ಅಂತ ನರ್ಸಮ್ಮ ಹೇಳಿದ್ದು ಆಮೇಲೆ ನೆನಪಾಯಿತು. ದೊಡ್ಡಮ್ಮ ಎರಡು ಹೊತ್ತು ಊಟ ಕಳಿಸುತ್ತಿದ್ದಳು. ಬಾಚುವವಳೇ ತಂದು, ಕಿಟಕಿಯ ಹೊರಗೆ ನಿಂತು, “ನೀನಿಲ್ದೆ ಬೈಸ್ಕೊಳ್ಳೋಕೂ ಗತಿ ಇಲ್ಲ ಕಣಕ್ಕ. ಅವತ್ತು ಹಿಂದೆ ಸರಿದೆ, ಮನಸ್ಸಲ್ಲಿ ಇಟ್ಕೋಬೇಡ,” ಅಂದು ಹೋಗಿದ್ದಳು. ಗಿಣಿ ಮಾತ್ರ ಬರಲಿಲ್ಲ.

ಆರನೆಯ ದಿನ ನರ್ಸಮ್ಮ ಬಂದಳು. ಕೋಣೆಯವರಲ್ಲಿ ಯಾರಿಗೂ ಕಾಯಿಲೆ ಇಲ್ಲ ಅಂದಳು. ಈಗ ಕೂದಲ ಮೇಲೆ ಒದ್ದೆ ಬಟ್ಟೆ ಹೊದಿಸಿ, ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ಕಿಟಕಿ ತೆರೆದೇ ಕೆಲಸ ಮಾಡುತ್ತಿದ್ದಾರೆ ಅಂದಳು. ಗಂಟಕ್ಕನಿಗೆ ಅದ್ಯಾವುದೂ ಕಿವಿಗೆ ಹೋಗಲಿಲ್ಲ.

“ಮಗು?”

“ಮಗುವಿಗೂ ಕಾಯಿಲೆ ಬಂದಿಲ್ಲಮ್ಮ. ಆದ್ರೆ ಬರದ ಹಾಗೆ ತಡೀಬೇಕು. ಆರು ತಿಂಗಳು ದಿನಾ ಒಂದು ಮಾತ್ರೆ, ನೀರಲ್ಲಿ ಕರಗಿಸಿ ಕೊಡೋಕೆ ಹೇಳಿದ್ದೀವಿ.”

“ಅವಳಮ್ಮ ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?”

ನರ್ಸಮ್ಮ ಸುಳ್ಳು ಹೇಳುವವಳಲ್ಲ. “ಇಲ್ಲ. ಮಾತ್ರೆ ತಗೊಂಡು ಹೋದ್ರು.”

ಮಗು ಉಳಿಯಿತಲ್ಲ, ಅಷ್ಟು ಸಾಕು ಅಂತ ಗಂಟಕ್ಕ ತನಗೆ ತಾನೇ ಹೇಳಿಕೊಂಡಳು. ಆದರೆ ಅಷ್ಟು ಸಾಕಾಗಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಳು. ಹೊಟ್ಟೆ ತೊಳಸುವುದು ನೆನೆದರೇ ಬೇಡವೆನಿಸುತ್ತಿತ್ತು. ವಾಸಿಯಾಗಿ ಯಾರ ಮುಖ ನೋಡಬೇಕು? ಇವತ್ತೊಂದು ದಿನ ಬಿಟ್ಟರೆ ಏನು ಮುಳುಗಿಹೋಗುತ್ತೆ? ಅಣ್ಣನೂ ಹೀಗೇ ಒಂದು ದಿನ ಅಂದುಕೊಂಡಿರಬೇಕು. ಅವಳು ಮಾತ್ರೆಯನ್ನು ಮತ್ತೆ ಡಬ್ಬಿಯೊಳಗೆ ಹಾಕಿದಳು.

“ಅತ್ತೆ.”

ತಲೆಯೆತ್ತಿದರೆ ಓಣಿಯ ಆಚೆ ಬದಿಯಲ್ಲಿ ಗಿಣಿ, ಸೊಂಟದ ಮೇಲೆ ಗುಂಡಮ್ಮ, ಕೈಯಲ್ಲೊಂದು ಪುಟ್ಟ ಬಟ್ಟಲು. ಗಿಣಿಯ ಕಣ್ಣು ಊದಿತ್ತು. ಗಂಟಕ್ಕ ತಡವರಿಸಿ ಎದ್ದು ಮಾಸ್ಕ್ ಮೇಲೆಳೆದುಕೊಂಡಳು.

“ಬರ್ಬೇಡ ಕಣೇ, ಅಲ್ಲೇ ಇರು!”

“ಸಿಸ್ಟರ್‌ನ ಕೇಳ್ಕೊಂಡೇ ಬಂದಿದ್ದೀನಿ. ಬಯಲಲ್ಲಿ ದೂರ ನಿಂತ್ರೆ ಪರವಾಗಿಲ್ವಂತೆ.” ಗಿಣಿ ಮೂಗೊರೆಸಿಕೊಂಡಳು. “ಮೂರು ದಿನದಿಂದ ಮಾತ್ರೆ ಉಗೀತಿದ್ದಾಳೆ. ನೀರಲ್ಲಿ ಕೊಟ್ರೂ ಉಗೀತಾಳೆ, ಸಕ್ಕರೆ ಹಾಕಿದ್ರೂ ಉಗೀತಾಳೆ. ಅವರಪ್ಪ ಕೋತಿ ಥರ ಕುಣಿದ್ರೂ ಬಾಯಿ ಬಿಡಲ್ಲ. ಹಟ ಅಂದ್ರೆ ಹಟ, ನಿನ್ನ ಹಾಗೇ. ನಂಗೆ ಕೈಕಾಲು ಆಡ್ತಿಲ್ಲ ಅತ್ತೆ. ದಿನ ತಪ್ಪಿದ್ರೆ ಏನಾಗುತ್ತೋ...” ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. “ನಿನ್ನ ಮಾತ್ರೆ ನುಂಗಿದ್ಯಾ?”

“ಇನ್ನೂ... ಇಲ್ಲ.”

“ಯಾಕಿಲ್ಲ? ತಗೋ ಮತ್ತೆ. ಅವಳಿಗೆ ಕಾಣೋ ಹಾಗೆ ನುಂಗು. ನೀನು ಮಾಡಿದ್ದನ್ನೆಲ್ಲ ಮಾಡ್ತಾಳೆ ಅವಳು.”

ಗಂಟಕ್ಕ ಒಳಗಿಂದ ನೀರಿನ ಲೋಟ ತಂದಳು. ಡಬ್ಬಿ ತೆರೆದಳು, ಮಾಸ್ಕ್ ಇಳಿಸಿದಳು. ಓಣಿಯಾಚೆಯಿಂದ ಗುಂಡಮ್ಮ ಇಷ್ಟು ದಿನ ಕಾಣದ ಮುಖವನ್ನು ಪಿಳಿಪಿಳಿ ನೋಡಿತು. ಗಂಟಕ್ಕ “ಆ...” ಅಂತ ಬಾಯಿ ಅಗಲಿಸಿದಳು. ಮಗುವೂ ಎರಡು ಹಲ್ಲು ತೋರಿಸಿ “ಆ...” ಅಂತ ಬಾಯಿ ಅಗಲಿಸಿತು. ಅತ್ತ ಮಾತ್ರೆ ನಾಲಿಗೆಯ ಮೇಲೆ ಬಿದ್ದ ಹೊತ್ತಿಗೇ ಇತ್ತ ಗಿಣಿ ಚಮಚ ಒಳಗೆ ಸೇರಿಸಿಬಿಟ್ಟಳು. ಗಂಟಕ್ಕ ನೀರು ಕುಡಿದು ಗುಟುಕ್ ಅಂದಳು, ಮಗುವೂ ಗುಟುಕ್ ಅಂದಿತು. ಕಹಿಗೆ ಗಂಟಕ್ಕ ಮುಖ ಹಿಂಡಿದಳು. ಗುಂಡಮ್ಮ ಅದಕ್ಕಿಂತ ಜೋರಾಗಿ ಮುಖ ಹಿಂಡಿ, ಆಮೇಲೆ ಅತ್ತೆಯ ಮುಖ ನೋಡಿ ಕಿಲಕಿಲ ನಗತೊಡಗಿತು. ಬಾಯಿಂದ ಒಂದು ಹನಿಯೂ ಹೊರಗೆ ಬರಲಿಲ್ಲ.

ಗಂಟಕ್ಕ ಮಾಸ್ಕ್ ಮೇಲೆಳೆದುಕೊಂಡಳು. ಅದು ಕಣ್ಣೀರಿಗೆ ಒದ್ದೆಯಾಯಿತು. “ಆವತ್ತೂ ಎತ್ಕೋಬೇಕು ಅಂತ ಜೀವ ಹೋಗ್ತಿತ್ತು ಕಣೇ,” ಅಂದಳು.

“ಗೊತ್ತಾಯ್ತು,” ಅಂದಳು ಗಿಣಿ. “ಸಿಟ್ಟು ಇನ್ನೂ ಇಳಿದಿಲ್ಲ. ಇಳಿದಾಗ ಹೇಳ್ತೀನಿ.”

ಬಟ್ಟಲು ಒರೆಸಿ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಾಲ್ಕು ಹೆಜ್ಜೆ ನಡೆದಳು. ಆಮೇಲೆ ನಿಂತು ತಿರುಗಿದಳು.

“ನಾಳೆ ಇದೇ ಹೊತ್ತಿಗೆ ಬರ್ತೀವಿ,” ಅಂದಳು. “ನಾವು ಬರೋದ್ರೊಳಗೆ ನುಂಗಿಬಿಡ್ಬೇಡ.”